ಬಂಡೆಯ ಹತ್ತಿರ ಏನೂ ಇಲ್ಲ

ಮೀನಿನ ವಿಷಯಕ್ಕೆ ಬಂದರೆ ನಮ್ಮ ಊರಿನಲ್ಲಿ ಯಾರೂ ನಿಜ ಹೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡತಿಗೆ, ಪಾದ್ರಿಗೆ, ತೆರಿಗೆಯವರಿಗೆ ನಿಜ ಹೇಳುವ ಮನುಷ್ಯ ಕೂಡ, “ವಾಲಾಯ್ ಮೀನು ಎಲ್ಲಿ ಸಿಕ್ತು?” ಎಂದು ಕೇಳಿದರೆ ಕೆರೆಯ ಆಚೆ ದಡಕ್ಕೆ ಕೈ ತೋರಿಸುತ್ತಾನೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಕೇಳಿದವನದೇ ತಪ್ಪು, ಕೇಳಬಾರದಿತ್ತು.

ಇಂಥ ಊರಿನಲ್ಲಿ ರೇಡಿಯೋಗೆ ಮೀನಿನ ವರದಿ ಹೇಳುವ ಕೆಲಸ ನನ್ನದು. ಬೇಸಿಗೆಯುದ್ದಕ್ಕೂ ಬುಧವಾರ ಮತ್ತು ಶುಕ್ರವಾರ ಸಂಜೆ, ಜನ ಊಟಕ್ಕೆ ಕೂರುವ ಹೊತ್ತಿಗೆ, ರೇಡಿಯೋ ಸ್ಟೇಷನ್ನಿನ ಮರ್ಲ್ ನಮ್ಮ ಅಡುಗೆಮನೆಗೆ ಫೋನ್ ಮಾಡುತ್ತಾನೆ. ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ನಾನು ಹೇಳುತ್ತೇನೆ: ನೀರು ಎಷ್ಟು ತಣ್ಣಗಿದೆ, ಗಾಳಿ ಯಾವ ಕಡೆಯದು, ಮೀನು ಎಲ್ಲಿ ಕಚ್ಚುತ್ತಿದೆ. ನೀರು, ಗಾಳಿಯ ಬಗ್ಗೆ ಹೇಳುವುದೆಲ್ಲ ನಿಜ. ಜಾಗದ ಬಗ್ಗೆ ಹೇಳುವುದು ಪದ್ಧತಿ. ನಾನು “ಅಲ್ಲೇನೂ ಇಲ್ಲ” ಎಂದ ಜಾಗಕ್ಕೆ ಜನ ದೋಣಿ ಕಟ್ಟಿಕೊಂಡು ಓಡುತ್ತಾರೆ. “ಭರ್ಜರಿಯಾಗಿದೆ” ಎಂದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಯಾರಿಗೂ ಬೇಜಾರಿಲ್ಲ. ಹೊರಗಿನಿಂದ ಬರುವವರಿಗೂ ಎರಡನೇ ವರ್ಷಕ್ಕೆ ಅರ್ಥವಾಗುತ್ತದೆ.

ಒಂದು ಜಾಗದ ಹೆಸರನ್ನು ಮಾತ್ರ ನಾನು ಹೊಗಳುವುದಕ್ಕೂ ತೆಗಳುವುದಕ್ಕೂ ಎಂದೂ ಬಾಯಿಗೆ ತಂದಿರಲಿಲ್ಲ. ಕೊಕ್ಕರೆ ದ್ವೀಪದ ಹಿಂದೆ, ಕಾಡಿನ ತೊರೆಯೊಂದು ಕೆರೆಗೆ ಸೇರುವಲ್ಲಿ, ನೀರಿನಡಿ ಒಂದು ಉದ್ದನೆಯ ಬಂಡೆ ಇದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಮಂಜುಗಡ್ಡೆ ಕರಗಿದ ಹೊಸತರಲ್ಲಿ ಕೆರೆಯೆಲ್ಲ ಕೊರೆಯುತ್ತಿರುವಾಗ ತೊರೆಯ ನೀರು ಆ ಬಂಡೆಯ ಮೇಲೆ ಹಾದು ಒಂದು ಚೂರು ಬೆಚ್ಚಗಿರುತ್ತದೆ. ಆ ಒಂದು ಚೂರಿಗೆ ಮೀನು ಬಂದು ನಿಲ್ಲುತ್ತದೆ. ಅದು ನನ್ನ ಗಂಡ ಆರ್ವಿಡ್ ಕಂಡುಹಿಡಿದ ಜಾಗ. ಮದುವೆಯಾದ ವರ್ಷ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದ. ಉಂಗುರ ತೊಡಿಸಿದಾಗಲೂ ಅವನ ಮುಖ ಅಷ್ಟು ಗಂಭೀರವಾಗಿರಲಿಲ್ಲ.

ಆರ್ವಿಡ್‌ಗೆ ಹೋದ ಶರತ್ಕಾಲದಲ್ಲಿ ಲಕ್ವ ಹೊಡೆಯಿತು. ಎಡಗೈ ಹೇಳಿದ ಮಾತು ಕೇಳುವುದಿಲ್ಲ, ನಾಲಿಗೆ ತೊದಲುತ್ತದೆ, ನಕ್ಕರೆ ಬಾಯಿಯ ಒಂದೇ ಪಕ್ಕ ನಗುತ್ತದೆ. ಆಮೇಲೆ ಅವನು ಚರ್ಚಿಗೆ ಬರಲಿಲ್ಲ, ಫೋನು ಎತ್ತಲಿಲ್ಲ. ಅವನ ತಮ್ಮ ರೂಡಿಯ ಪಿಕಪ್ಪಿನ ಸದ್ದು ಕೇಳಿದರೆ ಸಾಕು, ಕೋಣೆಗೆ ಹೋಗಿ ಮಲಗಿಬಿಡುತ್ತಿದ್ದ. ಚಳಿಗಾಲವೆಲ್ಲ ಅಡುಗೆಮನೆಯ ಮೇಜಿನ ಮುಂದೆ ಕೂತು, ಗಾಳದ ಕೋಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಬಲಗೈಯಿಂದ ರೀಲು ತಿರುಗಿಸುವುದನ್ನು ಕಲಿತ. ನೂಲಿಗೆ ಹಲ್ಲಿನಿಂದ ಗಂಟು ಹಾಕುವುದನ್ನು ಕಲಿತ. ಕಲಿಯುವಾಗ ಬೈದುಕೊಂಡ, ಅತ್ತ, ಒಂದು ಸಲ ರೀಲನ್ನು ಗೋಡೆಗೆ ಎಸೆದ. ನಾನು ಪಾತ್ರೆ ತೊಳೆಯುತ್ತಾ ಬೆನ್ನು ಹಾಕಿ ನಿಂತಿರುತ್ತಿದ್ದೆ.

“ಐಲಿ,” ಎಂದ ಒಂದು ದಿನ. ನನ್ನ ಹೆಸರು ಹೇಳಲೂ ಅವನಿಗೆ ಹೊತ್ತು ಹಿಡಿಯುತ್ತದೆ. “ಮೊದಲ್ನೇ ದಿನ ಬಂಡೆಗ್ ಹೋಗಣ. ನಾವಿಬ್ರೇ. ಯಾರ್ ಕಣ್ಣಿಗೂ ಬೀಳ್ಬಾರ್ದು.”

ಅವನು ಇಡೀ ಚಳಿಗಾಲದಲ್ಲಿ ನನ್ನನ್ನು ಕೇಳಿದ್ದು ಇದೊಂದೇ. ಆಯಿತು ಎಂದೆ.

ಈ ಸಲ ಚಳಿಗಾಲಕ್ಕೆ ಹೋಗುವ ಮನಸ್ಸೇ ಇರಲಿಲ್ಲ. ಮೇ ತಿಂಗಳು ಬಂದರೂ ಕೆರೆ ಬೆಳ್ಳಗೆ ಬಿದ್ದುಕೊಂಡಿತ್ತು. ಮೀನು ಹಿಡಿಯುವ ಋತು ತೆರೆಯುವ ಶನಿವಾರ ಹತ್ತಿರ ಬಂದಾಗ ಕೊನೆಗೂ ದಕ್ಷಿಣದ ಗಾಳಿ ಬೀಸಿ, ಮಂಜುಗಡ್ಡೆಯನ್ನೆಲ್ಲ ಒಂದೇ ಹಾಳೆಯಾಗಿ ನೂಕಿಕೊಂಡು ಹೋಗಿ ಉತ್ತರದ ದಡಕ್ಕೆ ಒತ್ತಿತು. ಮೀನು ಹಿಡಿಯಲು ಬರುವವರಿಗೆ ನಾವು ಬಾಡಿಗೆಗೆ ಕೊಡುವ ಕ್ಯಾಬಿನ್ನುಗಳ ಹಾಸಿಗೆ ಹಾಸಿದೆ, ಚಳಿಗೆ ಒಡೆದ ಪೈಪುಗಳನ್ನು ಕಟ್ಟಿದೆ, ಇಲಿ ಹೊಕ್ಕ ಕಪಾಟು ತೊಳೆದೆ, ದೋಣಿಕಟ್ಟೆಯ ಹಲಗೆಗಳನ್ನು ಸೊಂಟದುದ್ದ ನೀರಿಗಿಳಿದು ಜೋಡಿಸಿದೆ. ಮೊದಲು ಇದೆಲ್ಲ ಇಬ್ಬರ ಕೆಲಸ. ಸುಸ್ತು ಎಂದರೆ ಸಂಜೆಯ ಸುಸ್ತಲ್ಲ, ಬೆಳಿಗ್ಗೆ ಏಳುವಾಗಲೇ ಇರುವ ಸುಸ್ತು. ಈ ಹೊತ್ತಿನಲ್ಲಿ ಹೆಣ್ಣು ವಾಲಾಯ್ ಮೊಟ್ಟೆಯಿಟ್ಟು ಮುಗಿಸಿ ಆಳಕ್ಕೆ ಇಳಿದು, ಮೂಗಿನ ಮುಂದೆ ಏನು ತೂಗಾಡಿದರೂ ಬಾಯಿ ತೆರೆಯದೆ ಬಿದ್ದುಕೊಂಡಿರುತ್ತದೆ. ಊರಿನ ಗಂಡಸರು ಅದನ್ನು ಬೈಯುತ್ತಾರೆ. ನನಗೆ ಅದನ್ನು ಕಂಡರೆ ಹೊಟ್ಟೆಕಿಚ್ಚು.

ಬುಧವಾರದ ವರದಿಯಲ್ಲಿ ನಾನು ನಿಜ ಹೇಳಿದೆ. ಎಲ್ಲ ಎಡವಟ್ಟು ಅಲ್ಲಿಂದ ಶುರುವಾಯಿತು.

ಪಶ್ಚಿಮ ದಡದಲ್ಲಿ ಚೀಲದ ಕೊಲ್ಲಿ ಇದೆ. ಒಳಗೆ ಅಗಲ, ಬಾಯಿ ಕಿರಿದು, ಅದಕ್ಕೇ ಆ ಹೆಸರು. ನೀರು ಆಳವಿಲ್ಲ, ತಳದಲ್ಲಿ ಕಪ್ಪು ಕೆಸರು, ಬಿಸಿಲು ಬಿದ್ದರೆ ಬೇಗ ಬಿಸಿಯಾಗುತ್ತದೆ. ನೋಡಿದವರಿಗೆ ಆಸೆಯಾಗುವಂಥ ಜಾಗ. ಆದರೆ ಉತ್ತರದಲ್ಲಿ ಆ ಮಂಜುಗಡ್ಡೆಯ ಹಾಳೆ ಕಾದು ನಿಂತಿತ್ತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆಂದು ಹವಾಮಾನದವರು ಹೇಳುತ್ತಿದ್ದರು. ತಿರುಗಿದರೆ ಆ ಹಾಳೆ ಇಡಿಯಾಗಿ ಇಳಿದು ಬಂದು ಕೊಲ್ಲಿಯ ಬಾಯಿಗೆ ಬಿರಡೆಯಾಗುತ್ತದೆ. ಆಮೇಲೆ ಹಿಂದಿನಿಂದ ಗಾಳಿ ನೂಕುತ್ತಲೇ ಇರುತ್ತದೆ. ಒಳಗಿದ್ದ ದೋಣಿ ಹೊರಗೆ ಬರುವುದಿಲ್ಲ, ಅಲ್ಲೇ ನುಚ್ಚಾಗುತ್ತದೆ. ಆ ನೀರಿಗೆ ಬಿದ್ದವರು ಕೈ ಬಡಿಯುವಷ್ಟು ಹೊತ್ತೂ ಉಳಿಯುವುದಿಲ್ಲ.

ಇದನ್ನು ಇದ್ದ ಹಾಗೇ ಹೇಳಿದೆ. “ಚೀಲದ ಕೊಲ್ಲಿಗೆ ಯಾರೂ ಹೋಗ್ಬೇಡಿ. ತುಂಬಾ ಅಪಾಯ,” ಎಂದೆ. ಮರ್ಲ್ ಫೋನಿನ ಆಚೆ ಕಿಸಕ್ಕನೆ ನಕ್ಕ.

ಶುಕ್ರವಾರ ಮಧ್ಯಾಹ್ನ ರೂಡಿ ಗಾಳಕ್ಕೆ ಕಟ್ಟುವ ಚಿಕ್ಕ ಮೀನು ತೆಗೆದುಕೊಳ್ಳಲು ನಮ್ಮ ದೋಣಿಕಟ್ಟೆಗೆ ಬಂದ. ಜೊತೆಗೆ ಅಯೋವಾದಿಂದ ವರ್ಷಾ ವರ್ಷ ಬಂದು ನಮ್ಮ ಕ್ಯಾಬಿನ್ನಿನಲ್ಲೇ ಇಳಿಯುವ ಗ್ಯಾರಲ್ಡ್ ಮತ್ತು ಅವನ ಅಳಿಯಂದಿರು. ರೂಡಿಗೆ ಅರವತ್ತು ದಾಟಿದೆ, ಆದರೂ ಎಲ್ಲಿ ಹೋದರೂ ಹಿಂದೆ ಒಂದು ಪಟಾಲಂ ಇರುತ್ತದೆ. ಋತುವಿನ ಮೊದಲ ದಿನ ರೂಡಿ ಎತ್ತ ಹೋಗುತ್ತಾನೋ ಅರ್ಧ ಊರು ಅತ್ತ ಹೋಗುತ್ತದೆ.

“ಅತ್ತಿಗೆ, ಬುಧವಾರ ಎಂಥಾ ನಾಟಕ ಆಡ್ದೆ!” ಎಂದ. “ನನ್ ಹೆಂಡ್ತಿ ನಿಜವಾಗ್ಲೂ ಹೆದ್ರಕೊಂಡ್ಲು.”

“ನಾಟಕ ಅಲ್ಲ ಕಣೋ. ಐಸು ಬರುತ್ತೆ. ಗಾಳಿ ತಿರುಗುತ್ತೆ ನಾಳೆ.”

“ನೋಡ್ರಪ್ಪಾ, ಮುಖ ನೋಡ್ರಿ! ಕಣ್ಣಲ್ ನೀರು ಬೇರೆ ತರಿಸ್ತಾಳೆ.” ಗ್ಯಾರಲ್ಡ್‌ನ ಹೆಗಲಿಗೆ ಒಂದು ಬಿಟ್ಟ. “ನೀನ್ ಇಷ್ಟ್ ಹೆದರ್ಸ್ತಿದ್ದೀಯಾ ಅಂದ್ರೆ ಅಲ್ಲಿ ಮೀನು ರಾಶಿ ಬಿದ್ದಿರ್ಬೇಕು. ಆರ್ವಿಡ್ ಹೇಳ್ಕೊಟ್ನಾ? ಇಷ್ಟ್ ವರ್ಷ ಅವ್ನು ಮೊದಲ್ನೇ ದಿನ ಎಲ್ಲಿಗ್ ಹೋಗ್ತಿದ್ದ ಅಂತ ನಾನು ಹುಡುಕ್ತಾನೇ ಇದ್ದೆ. ಈಗ ಗೊತ್ತಾಯ್ತು.”

“ರೂಡಿ, ನಿಮ್ಮಮ್ಮನ ಆಣೆಗೂ ಹೇಳ್ತೀನಿ.”

“ಅಮ್ಮನೂ ಹಿಂಗೇ ಹೇಳ್ತಿದ್ಲು. ಅವಳೂ ಯಾವತ್ತೂ ನಿಜವಾದ್ ಜಾಗ ಹೇಳ್ಲಿಲ್ಲ!” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಊಟ ಕಟ್ಕೊಂಡು ಹೋಗ್ತಿದ್ದೀವಿ, ಅತ್ತಿಗೆ. ಸಂಜೆವರ್ಗೂ ಅಲ್ಲೇ. ನಮ್ ಮನೆ ಕಡೆಯೋರೇ ಎಂಟು ದೋಣಿ ಆಗುತ್ತೆ.”

ಹೋಗುವಾಗ ಮನೆಯ ಕಡೆ ಒಂದು ಸಲ ನೋಡಿ ದನಿ ಇಳಿಸಿದ. “ಹೇಗಿದಾನೆ? ನನ್ ಮುಖಾನೂ ನೋಡಲ್ಲ ಅವ್ನು. ನಾನೇನ್ ಮಾಡ್ದೆ ಅತ್ತಿಗೆ?” ನಾನು ಅವನ ಬಕೆಟ್ಟಿಗೆ ಇನ್ನೊಂದು ಹಿಡಿ ಚಿಕ್ಕ ಮೀನು ಸುರಿದೆ. ಆರ್ವಿಡ್ ಕೋಣೆಯಲ್ಲಿ ಮಲಗಿದ ಹಾಗೆ ನಟಿಸುತ್ತಿದ್ದ.

ಶೆರಿಫ್ ಕಚೇರಿಗೆ ಫೋನ್ ಮಾಡಿದೆ. ಕೆರೆಗೆ ಬೀಗ ಹಾಕೋಕೆ ಆಗಲ್ಲಮ್ಮ, ಎಚ್ಚರಿಕೆ ಕೊಡ್ತೀವಿ, ಎಂದರು. ಎಚ್ಚರಿಕೆ ಕೊಟ್ಟಷ್ಟೂ ಜನ ಹೆಚ್ಚಾಗುತ್ತಾರೆ ಎಂದು ಅವರಿಗೆ ಹೇಗೆ ಹೇಳುವುದು. ಅಂಗಡಿಗೆ ಹೋದರೆ ಅಲ್ಲಿಯೂ ಅದೇ ಮಾತು, ಚೀಲದ ಕೊಲ್ಲಿ, ಚೀಲದ ಕೊಲ್ಲಿ. ಬ್ರೆಡ್ ಕಟ್ಟಿಕೊಟ್ಟ ಹುಡುಗಿ ಕೂಡ ನನಗೆ ಕಣ್ಣು ಹೊಡೆದಳು. ಜೀವಮಾನವೆಲ್ಲ ಸುಳ್ಳು ಹೇಳಿ ನಂಬಿಕೆ ಗಳಿಸಿದ್ದೆ, ಒಂದು ದಿನ ನಿಜ ಹೇಳಿ ಕಳೆದುಕೊಂಡಿದ್ದೆ. ಮನೆಗೆ ಬಂದು ಕಾರಿನಲ್ಲೇ ಸ್ವಲ್ಪ ಹೊತ್ತು ಕೂತೆ. ಏಳಲು ಮನಸ್ಸಾಗಲಿಲ್ಲ.

ಸಂಜೆ ಆಲೂಗಡ್ಡೆ ಬೇಯುತ್ತಿತ್ತು. ಆರ್ವಿಡ್ ಮೇಜಿನ ಮುಂದೆ ಕೂತು ನಾಳೆಯ ಗಾಳಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕುತ್ತಿದ್ದ. ತಿಂಗಳುಗಳಿಂದ ಅವನ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ನೋಡಿರಲಿಲ್ಲ. ಫೋನು ಹೊಡೆದುಕೊಂಡಿತು.

“ಐಲಿಯವ್ರೇ, ಇಡೀ ಊರೇ ಕಿವಿ ಕೊಟ್ಟು ಕೂತಿದೆ. ನಾಳೆ ಹೇಗೆ?” ಎಂದ ಮರ್ಲ್.

ನೀರಿನ ವಿಷಯ ಹೇಳಿದೆ. ತುಂಬಾ ತಣ್ಣಗಿದೆ, ಮೀನು ಜೋರಾಗಿ ಎಳೆಯುವುದಿಲ್ಲ, ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಭಾರವಾಗುತ್ತದೆ ಅಷ್ಟೇ, ಮೆಲ್ಲಗೆ ಆಡಿಸಿ ಎಂದೆ. ಹೇಳುತ್ತಿರುವಾಗಲೇ ಗೊತ್ತಾಯಿತು, ಇದಕ್ಕೆ ಒಂದೇ ದಾರಿ. ಕೊಲ್ಲಿಯನ್ನು ಹೊಗಳಿದರಷ್ಟೇ ಸಾಲದು. ಬುಧವಾರ ತೆಗಳಿ ಶುಕ್ರವಾರ ಹೊಗಳಿದರೆ, ಏನೋ ಮುಚ್ಚಿಡುತ್ತಿದ್ದಾಳೆ ಎಂದು ರೂಡಿ ಕೊಲ್ಲಿಗೆ ಇನ್ನೂ ಬಲವಾಗಿ ಅಂಟಿಕೊಳ್ಳುತ್ತಾನೆ. ಅವನಿಗೆ ಅದಕ್ಕಿಂತ ದೊಡ್ಡ ಆಸೆ ತೋರಿಸಬೇಕು. ನನ್ನ ಹತ್ತಿರ ಇದ್ದದ್ದು ಒಂದೇ.

ಆರ್ವಿಡ್‌ನನ್ನು ಕೇಳಬಹುದಿತ್ತು. ಫೋನಿಗೆ ಕೈ ಅಡ್ಡ ಇಟ್ಟು ಒಂದು ಮಾತು ಕೇಳುವಷ್ಟು ಸಮಯವಿತ್ತು. ಅವನು ಬೇಡ ಎಂದರೆ ಏನು ಮಾಡುವುದೆಂದು ಹೆದರಿ ಕೇಳಲಿಲ್ಲ.

“ಚೀಲದ ಕೊಲ್ಲೀಲಿ ಭರ್ಜರಿಯಾಗಿದೆ,” ಎಂದೆ. “ಎಲ್ರೂ ಅಲ್ಲಿಗೇ ಹೋಗಿ. ಆದ್ರೆ ಕೊಕ್ಕರೆ ದ್ವೀಪದ ಹಿಂದೆ, ತೊರೆ ಬಂದು ಸೇರುತ್ತಲ್ಲ, ಅಲ್ಲಿ ನೀರಿನ ಕೆಳಗೊಂದು ಬಂಡೆ ಇದೆ. ಆ ಬಂಡೆ ಹತ್ರ ಏನೂ ಇಲ್ಲ. ಅಲ್ಲಿಗ್ ಹೋಗಿ ಟೈಮ್ ಹಾಳು ಮಾಡ್ಕೋಬೇಡಿ.”

ಮರ್ಲ್ ನಗಲಿಲ್ಲ. ಅವನೂ ಈ ಕೆರೆಯಲ್ಲೇ ಬೆಳೆದವನು. “ಬಂಡೆ…” ಎಂದ, ಸಣ್ಣ ದನಿಯಲ್ಲಿ. ಅವನಿಗೆ ಬೆಳಿಗ್ಗೆಯ ಕಾರ್ಯಕ್ರಮ ಬಿಟ್ಟು ದೋಣಿ ಹತ್ತುವ ಆಸೆ ಬಂದದ್ದು ನನಗೆ ಇಲ್ಲಿಗೇ ಕೇಳಿಸಿತು.

ಫೋನು ಇಟ್ಟು ತಿರುಗಿದೆ. ಆರ್ವಿಡ್ ಗಾಳದ ಡಬ್ಬಿಯ ಮುಚ್ಚಳ ಹಾಕಲು ನೋಡುತ್ತಿದ್ದ. ಅದು ಒಂದು ಕೈಯಲ್ಲಿ ಕೂರುತ್ತಿರಲಿಲ್ಲ. ನಾನು ಸಹಾಯಕ್ಕೆ ಹೋಗಲಿಲ್ಲ, ಅವನು ನನ್ನ ಕಡೆ ನೋಡಲಿಲ್ಲ. ರೂಡಿ, ಅವನ ಮಕ್ಕಳು, ಗಾಳಿ, ಐಸು ಎಂದು ಏನೇನೋ ಹೇಳಿದೆ. ಅವನು ಊಟ ಮಾಡಲಿಲ್ಲ. ಆಲೂಗಡ್ಡೆ ಹಾಗೇ ಆರಿತು.

ಬೆಳಿಗ್ಗೆ ಕತ್ತಲಿರುವಾಗಲೇ ಅವನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೋಗುವುದಿಲ್ಲ ಎಂದುಕೊಂಡಿದ್ದೆ. “ಅಲ್ಲಿ ಎಲ್ರೂ ಇರ್ತಾರೆ,” ಎಂದೆ. ಅವನು ಬಾಗಿಲು ತೆಗೆದು ಹೊರಟ.

ಇದ್ದರು. ದ್ವೀಪ ಸುತ್ತಿ ಹಿಂದಕ್ಕೆ ಬರುವಾಗ ನಾನು ಮೋಟಾರಿನ ವೇಗ ಇಳಿಸಿದೆ. ನಾವಿಬ್ಬರೇ ಕೂತು ಒಂದು ಮಾತೂ ಆಡದೆ ಅರ್ಧ ದಿನ ಕಳೆಯುತ್ತಿದ್ದ ಜಾಗದಲ್ಲಿ ದೋಣಿಗೆ ದೋಣಿ ಉಜ್ಜುತ್ತಿತ್ತು. ಕಾಫಿ ವಾಸನೆ, ಸಿಗರೇಟು, ಯಾರದೋ ರೇಡಿಯೋ. ಮದುವೆ ಮನೆಯೇ ಸರಿ. ಎಲ್ಲಕ್ಕಿಂತ ಮುಂದೆ, ಸರಿಯಾಗಿ ಬಂಡೆಯ ನೆತ್ತಿಯ ಮೇಲೆ, ರೂಡಿ.

ನಮ್ಮ ದೋಣಿ ಕಂಡದ್ದೇ ಮಾತು ನಿಂತಿತು. ರೇಡಿಯೋ ಕೂಡ ಯಾರೋ ಆರಿಸಿದರು. ಒಬ್ಬೊಬ್ಬರಾಗಿ ಸರಿದು ನಮಗೆ ಜಾಗ ಮಾಡಿದರು, ರೂಡಿಯೂ ಸರಿದ. ಆರ್ವಿಡ್ ಯಾರನ್ನೂ ನೋಡದೆ ಕೋಲನ್ನು ಮಂಡಿಗಳ ನಡುವೆ ಸಿಕ್ಕಿಸಿದ. ಬಕೆಟ್ಟಿಗೆ ಕೈ ಹಾಕಿ ಚಿಕ್ಕ ಮೀನೊಂದನ್ನು ಹಿಡಿದ, ಅದು ಜಾರಿತು. ಇನ್ನೊಂದು ಹಿಡಿದ, ಅದೂ ಜಾರಿತು. ಗಾಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೂರನೆಯದನ್ನು ಅದಕ್ಕೆ ಏರಿಸಿದ. ಆ ಹೊತ್ತೆಲ್ಲ ಊರಿಗೆ ಊರೇ ತಮ್ಮ ತಮ್ಮ ಬೂಟು ನೋಡಿಕೊಂಡು ಕೂತಿತ್ತು. ಅವನ ಕಿವಿ ಕೆಂಪಾಗಿತ್ತು. ನನ್ನನ್ನು ಅವನು ಬೈದಿದ್ದರೆ ಚೆನ್ನಾಗಿತ್ತು.

ಮೀನು ಕಚ್ಚುತ್ತಿತ್ತು. ಸಣ್ಣ ಗಂಡು ಮೀನುಗಳು, ಅಲ್ಲೊಂದು ಇಲ್ಲೊಂದು. ಆದರೆ ಯಾರಿಗೆ ಸಿಕ್ಕರೂ ಕೂಗಲಿಲ್ಲ, ನಗಲಿಲ್ಲ. ಸಾವಿನ ಮನೆಯಲ್ಲಿ ತಿಂಡಿ ತಿಂದ ಹಾಗೆ ಮೆಲ್ಲಗೆ ತೆಗೆದು ಇಟ್ಟುಕೊಂಡರು. ರೂಡಿ, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ನೋಡಿರದ ರೂಡಿ, ಅಣ್ಣನ ಎಡಗೈಯನ್ನೇ ಕದ್ದು ಕದ್ದು ನೋಡುತ್ತಿದ್ದ.

ಮಧ್ಯಾಹ್ನಕ್ಕೆ ಮುಂಚೆಯೇ ಗಾಳಿ ಸತ್ತಿತು. ಆಮೇಲೆ ಕತ್ತಿನ ಹಿಂದೆ ತಣ್ಣಗೆ ಏನೋ ತಾಗಿತು. ದ್ವೀಪದ ಮರಗಳು ಇನ್ನೊಂದು ಕಡೆಗೆ ಬಾಗಿದವು. ಕೆರೆಯ ಉದ್ದಕ್ಕೂ ದೂರದಲ್ಲಿ ಒಂದು ಬಿಳಿ ಗೆರೆ ಮಿಂಚುತ್ತಾ ಪಶ್ಚಿಮಕ್ಕೆ ಸರಿಯಿತು, ನೋಡಿದರೆ ನಿಂತ ಹಾಗೇ ಇತ್ತು, ಕಣ್ಣು ಮಿಟುಕಿಸಿ ನೋಡಿದರೆ ಮುಂದೆ ಹೋಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ಬಂತು. ಮೊದಲು ಗಾಜಿನ ಚೂರು ಗುಡಿಸಿದ ಹಾಗೆ, ಆಮೇಲೆ ಗೂಡ್ಸ್ ರೈಲು ಬಂದ ಹಾಗೆ. ಎದುರು ದಡದಲ್ಲಿ ಚೀಲದ ಕೊಲ್ಲಿಯ ಬಾಯಿ ಮುಚ್ಚಿತು. ಹಾಳೆಯ ಮೇಲೆ ಹಾಳೆ ಏರಿ, ದಡದ ಬರ್ಚ್ ಮರಗಳು ಪಟಪಟನೆ ಮುರಿದದ್ದು ಇಲ್ಲಿಯವರೆಗೆ ಕೇಳಿಸಿತು.

ಯಾರೂ ಗಾಳ ಆಡಿಸಲಿಲ್ಲ. ನಾನು ದೋಣಿಗಳನ್ನು ನೋಡಿದೆ. ರೂಡಿ, ಅವನ ಮಕ್ಕಳು, ಅವರ ಹೆಂಡಂದಿರು, ಗ್ಯಾರಲ್ಡ್, ಅವನ ಅಳಿಯಂದಿರು, ಎಲ್ಲರೂ ಇಲ್ಲೇ ಇದ್ದರು. ನನಗೆ ಅಳು ತಡೆಯಲಾಗಲಿಲ್ಲ. ಕೈಗವಸಿನಲ್ಲಿ ಮುಖ ಮುಚ್ಚಿಕೊಂಡೆ, ಅದು ಮೀನಿನ ವಾಸನೆ ಹೊಡೆಯುತ್ತಿತ್ತು.

“ಅತ್ತಿಗೆ,” ಎಂದ ರೂಡಿ. ಮುಖ ಸುಣ್ಣವಾಗಿತ್ತು. ನನ್ನನ್ನು ನೋಡಿದ, ಅಣ್ಣನನ್ನು ನೋಡಿದ, ಬಂಡೆಯ ಮೇಲಿನ ನೀರನ್ನು ನೋಡಿದ. ಏನು ಕೊಟ್ಟು ಏನು ಉಳಿಸಿಕೊಂಡೆವು ಎಂದು ಅವನಿಗೆ ಆಗ ತಿಳಿಯಿತು ಅಂತ ಕಾಣುತ್ತದೆ.

ಆಮೇಲೆ ಇಡೀ ಕೆರೆಗೆ ಕೇಳುವಂತೆ ಕೂಗಿದ. “ಏಯ್ ಮುದುಕಾ! ಇಂಥಾ ಜಾಗ ಇಷ್ಟ್ ವರ್ಷ ಬಚ್ಚಿಟ್ಕೊಂಡು, ಕೊನೆಗೆ ಹಿಂಗಾ ಹಿಡಿಯೋದು? ನಮ್ಮಜ್ಜಿ ಲಂಗದಲ್ಲೇ ಇದಕ್ಕಿಂತ ಜಾಸ್ತಿ ಹಿಡೀತಿದ್ಲು!”

ಆರ್ವಿಡ್ ನಿಧಾನವಾಗಿ ತಲೆಯೆತ್ತಿದ. ಅವನ ಬಾಯಿಯ ಒಂದು ಪಕ್ಕ ನಡುಗಿತು. ಆಮೇಲೆ ಆ ಪಕ್ಕ ನಗತೊಡಗಿತು. ಬಲಗೈಯನ್ನು ರೀಲಿನಿಂದ ತೆಗೆದು ತಮ್ಮನಿಗೆ ಒಂದು ಸನ್ನೆ ಮಾಡಿದ. ಅದು ಎಂಥ ಸನ್ನೆ ಎಂದು ಇಲ್ಲಿ ಬರೆಯುವಂತಿಲ್ಲ. ಎಲ್ಲ ದೋಣಿಗಳಿಂದಲೂ ಒಟ್ಟಿಗೆ ನಗು ಎದ್ದಿತು, ಗ್ಯಾರಲ್ಡ್ ದೋಣಿಯ ಅಂಚಿಗೆ ಬಡಿದುಕೊಂಡು ನಕ್ಕ.

ಅಷ್ಟರಲ್ಲಿ ಆರ್ವಿಡ್‌ನ ಕೋಲು ಬಾಗಿತ್ತು. ಮಂಡಿ ಒತ್ತಿ ಹಿಡಿದು, ಚಳಿಗಾಲವೆಲ್ಲ ಅಡುಗೆಮನೆಯಲ್ಲಿ ಕಲಿತ ಹಾಗೆಯೇ ತಿರುಗಿಸಿದ. ನಾನು ಬಲೆ ಹಿಡಿದೆ. ಒಳ್ಳೆಯ ಮೀನು, ಇಬ್ಬರ ಊಟಕ್ಕೆ ಸಾಕಾಗಿ ಮಿಗುವಂಥದ್ದು. ಅದನ್ನು ಬಿಡಿಸಲು ಅವನಿಗೆ ತುಂಬಾ ಹೊತ್ತು ಹಿಡಿಯಿತು. ಈ ಸಲ ಜನ ಬೂಟು ನೋಡಿಕೊಳ್ಳಲಿಲ್ಲ. “ಬೇಗ ಮಾಡಪ್ಪಾ, ಮೀನಿಗೆ ವಯಸ್ಸಾಗ್ತಿದೆ!” ಎಂದು ಯಾರೋ ಕೂಗಿದರು.

ಸಂಜೆ ರೂಡಿ ನಮ್ಮ ಅಡುಗೆಮನೆಯಲ್ಲಿದ್ದ. ಕರೆದಿರಲಿಲ್ಲ, ಬಂದು ಕೂತಿದ್ದ. ಅಣ್ಣತಮ್ಮಂದಿರು ಉಗಿಸ್ನಾನದ ಮನೆಯಿಂದ ಕೆಂಪು ಮುಖ ಮಾಡಿಕೊಂಡು ಬಂದು, ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿದ ಮೀನನ್ನು ನಾನು ಹಾಕುತ್ತಿದ್ದ ಹಾಗೇ ಖಾಲಿ ಮಾಡುತ್ತಿದ್ದರು. ಋತುವಿನ ಮೊದಲ ದಿನ ಸಂಜೆ ಮರ್ಲ್ ಹೆಚ್ಚಿಗೆ ಒಂದು ಸಲ ಕರೆಯುತ್ತಾನೆ. ಫೋನು ಹೊಡೆದುಕೊಂಡಾಗ ನಾನು ಸೌಟು ಹಿಡಿದೇ ಎತ್ತಿದೆ. ಆರ್ವಿಡ್ ಎದ್ದು ಬಂದು ಕೈ ಚಾಚಿದ.

ನನಗೆ ಅರ್ಥವಾಗಲಿಲ್ಲ. ಅವನು ಇನ್ನೊಮ್ಮೆ ಕೈ ಚಾಚಿದ. ಕೊಟ್ಟೆ.

“ಆರ್ವಿಡ್… ಮಾತಾಡ್ತಿರೋದು,” ಎಂದ. ಆ ಎರಡು ಮಾತಿಗೆ ಅವನಿಗೆ ಹಣೆಯಲ್ಲಿ ಬೆವರು ಬಂತು. ಮರ್ಲ್ ಆಚೆ ಕಡೆ ಏನೂ ಅವಸರ ಮಾಡಲಿಲ್ಲ. ಇಡೀ ಊರು ಮುಳ್ಳುಚಮಚ ಕೆಳಗಿಟ್ಟು ಕಾಯುತ್ತಿರುವುದು ನನಗೆ ಕಾಣುತ್ತಿತ್ತು.

“ಆರ್ವಿಡ್!” ಎಂದ ಮರ್ಲ್ ಕೊನೆಗೆ. “ನಿಮ್ ದನಿ ಕೇಳಿ ಎಷ್ಟ್ ದಿನ ಆಯ್ತು. ಹೇಳಿ, ಹೇಗಿತ್ತು ಬಂಡೆ ಹತ್ರ?”

ಆರ್ವಿಡ್ ತಟ್ಟೆಯಲ್ಲಿದ್ದ ಮೂಳೆಗಳನ್ನು ನೋಡಿದ. ರೂಡಿಯ ಉಬ್ಬಿದ ಕೆನ್ನೆ ನೋಡಿದ.

“ಬಂಡೆ ಹತ್ರ… ಏನೂ ಇಲ್ಲ,” ಎಂದ, ಒಂದೊಂದೇ ಅಕ್ಷರ ಎತ್ತಿ ಇಟ್ಟು. “ನಾಳೆ… ಯಾರೂ… ಬರ್ಬೇಡಿ.”

ರೂಡಿಗೆ ಮೀನು ನೆತ್ತಿಗೆ ಹತ್ತಿತು. ಕೆಮ್ಮಿ, ಕಣ್ಣೊರೆಸಿಕೊಂಡು, “ಅತ್ತಿಗೆ, ನಾಳೆ ಎಷ್ಟ್ ಹೊತ್ತಿಗೆ ಹೊರಡ್ತೀರಿ?” ಎಂದು ಕೇಳಿದ.

ಭಾನುವಾರವಾದರೂ ಬಿಸಿಲು ಬರುವವರೆಗೆ ಮಲಗಬೇಕು ಎಂದುಕೊಂಡಿದ್ದೆ. ಒಲೆ ಆರಿಸಿ, ಬೆಳಗಿನ ಕಾಫಿಗೆ ದೊಡ್ಡ ಫ್ಲಾಸ್ಕನ್ನೇ ತೊಳೆದಿಟ್ಟೆ.